ಮುನ್ನೂರು ಗ್ರಾಂ ಹಿಟ್ಟು

ಆಗತಾನೆ ಬೀಸಿದ ರಾಗಿ ಹಿಟ್ಟಿಗೆ ಒಂದು ವಾಸನೆಯಿದೆ. ಸ್ವಲ್ಪ ಹುರಿದಂತೆ, ಸ್ವಲ್ಪ ಮೊದಲ ಮಳೆಗೆ ನೆನೆದ ಹೊಲದಂತೆ. ಅಂಗಡಿಯ ಪೊಟ್ಟಣದ ಹಿಟ್ಟಿನಲ್ಲಿ ಅದು ಇರುವುದಿಲ್ಲ. ಕಳೆದ ತಿಂಗಳು ಕಡೂರಿನ ನಮ್ಮ ಅಡುಗೆಮನೆಯಲ್ಲಿ ಎಷ್ಟೋ ವರ್ಷಗಳ ಮೇಲೆ ಆ ವಾಸನೆ ಎದ್ದಿತು. ಸೊಸೆ ಹಿಟ್ಟು ಬೀಸುವ ಪುಟ್ಟ ಯಂತ್ರವೊಂದನ್ನು ತರಿಸಿದ್ದಳು. ಪೊಟ್ಟಣದ ಹಿಟ್ಟಿಗಿಂತ ರಾಗಿಯನ್ನೇ ಕೊಂಡು ಮನೆಯಲ್ಲಿ ಬೀಸಿದರೆ ಬಹಳ ಉಳಿಯುತ್ತದೆ, ಎರಡು ಮೂರು ವರ್ಷದಲ್ಲಿ ಯಂತ್ರದ ಬೆಲೆಯೂ ಹುಟ್ಟುತ್ತದೆ ಎಂದು ಅವಳ ವಾದ. ಖರ್ಚಿನ ವಿಷಯದಲ್ಲಿ ನಾನು ಬೇಗ ಒಪ್ಪುವವನಲ್ಲ. ಇದನ್ನು ಒಪ್ಪಿದೆ.

ತೂಗದೆ ಏನನ್ನೂ ಬೀಸಲು ಹಾಕಿ ನನಗೆ ಅಭ್ಯಾಸವಿಲ್ಲ. ಎರಡು ಕೆ.ಜಿ. ರಾಗಿ ತೂಗಿ ಹಾಕಿದೆ. ಬೀಸಿಯಾದ ಮೇಲೆ ಯಂತ್ರದ ಒಳಗೋಡೆಗಳನ್ನೆಲ್ಲ ಬ್ರಷ್ಷಿನಿಂದ ಕೆರೆದು, ಕಡೆಯ ಚಿಟಿಕೆಯನ್ನೂ ಪಾತ್ರೆಗೆ ಸೇರಿಸಿ ಮತ್ತೆ ತೂಗಿದೆ. ಅರವತ್ತು ಗ್ರಾಂ ಕಡಿಮೆ ಬಂತು. ಇನ್ನೊಮ್ಮೆ ತೂಗಿದೆ. ಅಷ್ಟೇ. ಅಡುಗೆಮನೆಯಲ್ಲಿ ಅಷ್ಟು ಹೊತ್ತೂ ಇದ್ದವನು ನಾನೊಬ್ಬನೇ.

ಸೊಸೆ ಬಂದವಳು ನನ್ನ ಮುಖ ನೋಡಿ ನಕ್ಕಳು. “ಬೀಸುವಾಗ ಬಿಸಿಗೆ ನೀರಿನಂಶ ಆರಿ ಹೋಗುತ್ತೆ ಮಾವ. ಮಿಷಿನ್ ಜೊತೆ ಕೊಟ್ಟಿರೋ ಪುಸ್ತಕದಲ್ಲೇ ಬರೆದಿದ್ದಾರೆ” ಎಂದು ಹೇಳಿ, ಹಿಟ್ಟನ್ನು ಡಬ್ಬಕ್ಕೆ ತುಂಬಿಕೊಂಡು ಹೋದಳು. ನಾನು ಅಲ್ಲಿಯೇ ಕುಳಿತುಬಿಟ್ಟೆ. ಎರಡು ಕೆ.ಜಿ.ಗೆ ಅರವತ್ತು ಗ್ರಾಂ ಎಂದರೆ ಹತ್ತು ಕೆ.ಜಿ.ಗೆ ಮುನ್ನೂರು. ಆ ಮುನ್ನೂರು ಗ್ರಾಮಿನ ಮೇಲೆ ನಾನು ಒಂದು ಕಾಲದಲ್ಲಿ ಒಬ್ಬರನ್ನು ಕಳ್ಳರೆಂದು ಕರೆದಿದ್ದೆ…

ಆಗ ನಾನು ಅಜ್ಜಂಪುರದ ಪ್ರೌಢಶಾಲೆಯಲ್ಲಿ ವಿಜ್ಞಾನದ ಅಧ್ಯಾಪಕನಾಗಿದ್ದೆ. ಮದುವೆಯಾಗಿ ಎರಡು ವರ್ಷವಾಗಿತ್ತು. ಸಂಬಳದಲ್ಲಿ ಅರ್ಧ ಊರಿಗೆ ಹೋಗುತ್ತಿತ್ತು, ಉಳಿದ ಅರ್ಧದಲ್ಲಿ ನಮ್ಮ ಸಂಸಾರ ನಡೆಯಬೇಕಿತ್ತು. ಹಾಗಾಗಿ ನಾನು ಎಲ್ಲದರಲ್ಲಿಯೂ ಉಳಿಸುತ್ತಿದ್ದೆ. ಸವೆದ ಸಾಬೂನಿನ ಚೂರನ್ನು ಹೊಸ ಬಿಲ್ಲೆಗೆ ಅಂಟಿಸುತ್ತಿದ್ದೆ. ನಡುಮನೆಯಲ್ಲಿ ದೀಪವಿದ್ದರೆ ಕೋಣೆಯಲ್ಲಿ ಬೇಡ ಎನ್ನುತ್ತಿದ್ದೆ. ಸುಗ್ಗಿಯಲ್ಲಿ ಎಮ್ಮೆದೊಡ್ಡಿಯ ಕಡೆಯ ರೈತರಿಂದ ರಾಗಿಯನ್ನು ಮೂಟೆಯಲ್ಲಿಯೇ ಕೊಂಡು, ಮನೆಯಲ್ಲಿ ತೊಳೆದು ಒಣಗಿಸಿ, ತಿಂಗಳಿಗೊಮ್ಮೆ ಹತ್ತು ಕೆ.ಜಿ.ಯಂತೆ ಗಿರಣಿಗೆ ಹೊರುತ್ತಿದ್ದೆ. ಇದರಲ್ಲಿ ನಾಚುವಂಥದು ಏನೂ ಇಲ್ಲ. ನಾಚಿಕೆಯದು ಮುಂದಿದೆ.

ನಮ್ಮ ಬೀದಿಯ ಕೊನೆಯಲ್ಲಿಯೇ ಆ ಗಿರಣಿ. ಗಿರಣಿಯವರು ನನಗಿಂತ ಹದಿನೈದು ವರ್ಷ ಹಿರಿಯರು. ರೆಪ್ಪೆಯ ಕೂದಲಿನವರೆಗೂ ಹಿಟ್ಟು ಮೆತ್ತಿಕೊಂಡಿರುತ್ತಿತ್ತು; ಮಾತು ಕಡಿಮೆ, ಆಡಿದರೆ ನೇರ. ಅವರು ಗಿರಣಿಯ ಬಾಯಿಗೆ ಕಾಳು ಸುರಿದರೆ, ಕೆಳಗೆ ಹಿಟ್ಟು ಇಳಿಯುವ ಬಟ್ಟೆಯ ಕೊಳವೆ ಹಿಡಿದು ಅವರ ಹೆಂಡತಿ ಕೂರುತ್ತಿದ್ದರು. ಉಳಿಸುವುದರಲ್ಲಿ ಆ ದಂಪತಿ ನನ್ನನ್ನೂ ಮೀರಿಸಿದ್ದರು. ಐದಾರು ಡಬ್ಬ ಸೇರುವವರೆಗೆ ಮೋಟರು ಹಾಕುತ್ತಿರಲಿಲ್ಲ, ಕರೆಂಟು ದಂಡವೆಂದು. ರಾಗಿಯವರದೆಲ್ಲ ಒಟ್ಟಿಗೆ, ಗೋಧಿಯವರದೆಲ್ಲ ಒಟ್ಟಿಗೆ. ಪದೇ ಪದೇ ಕಲ್ಲು ಗುಡಿಸುವುದು ತಪ್ಪಲಿ ಎಂದು. ಹರಿದ ಬೆಲ್ಟನ್ನು ಹೊಲಿದು ಹೊಲಿದು ಓಡಿಸುತ್ತಿದ್ದರು. ಸಂಜೆ ನೆಲಕ್ಕೆ ಉದುರಿದ ಹಿಟ್ಟಿನ ಧೂಳನ್ನು ಆಕೆ ಗುಡಿಸಿ ಮೂಲೆಯ ತಗಡಿನ ಡಬ್ಬಕ್ಕೆ ತುಂಬುತ್ತಿದ್ದರು. ಅವರ ಹಸುವಿನ ಮುಸುರೆಗೆ ಅದೇ ಆಗುತ್ತಿತ್ತು.

ನನಗೆ ಆದ ಅವಮಾನಗಳನ್ನು ನಾನು ಮರೆತವನಲ್ಲ. ಮದುವೆಯ ಪಂಕ್ತಿಯಲ್ಲಿ ನನ್ನನ್ನು ಎಬ್ಬಿಸಿ ಬೇರೆಯವರನ್ನು ಕೂರಿಸಿದವರು ಯಾರು, ಸ್ಟಾಫ್ ರೂಮಿನಲ್ಲಿ ನನ್ನ ಅಂಗಿಯ ಕಾಲರಿನ ಬಗ್ಗೆ ಮಾತಾಡಿದವರು ಯಾರು ಎಂದು ಇಂದು ಕೇಳಿದರೂ ದಿನ, ಹೊತ್ತು, ಜಾಗ ಸಮೇತ ಹೇಳಬಲ್ಲೆ. ಗಿರಣಿಯವರಿಂದ ಆದದ್ದೂ ಅಂಥದೇ ಒಂದು. ಒಂದು ಭಾನುವಾರ ಬೆಳಿಗ್ಗೆ ಅವರು ನನ್ನ ಡಬ್ಬಕ್ಕೆ ಕೈ ಹಾಕಿ, ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡಿದರು. ಸಾಲಿನಲ್ಲಿ ಏಳೆಂಟು ಹೆಂಗಸರು, ಅವರಲ್ಲಿ ಇಬ್ಬರು ನನ್ನ ವಿದ್ಯಾರ್ಥಿಗಳ ತಾಯಂದಿರು.

“ಇನ್ನೂ ಹಸಿ ಐತೆ ಮೇಷ್ಟ್ರೇ. ರಾಗಿ ಒಣಗ್ಸೋದು ಮಕ್ಕಳಿಗೆ ಪಾಠ ಹೇಳ್ದಂಗಲ್ಲ. ಇನ್ನೊಂದು ಬಿಸ್ಲು ಕೊಟ್ಟು ತನ್ನಿ.”

ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ನಾನು ತುಂಬಿದ ಡಬ್ಬವನ್ನು ಹೊತ್ತುಕೊಂಡು ಬೀದಿಯುದ್ದಕ್ಕೂ ವಾಪಸು ನಡೆದೆ.

ಮುಂದಿನ ಭಾನುವಾರಕ್ಕೆ ನಾನು ಸಿದ್ಧನಾಗಿದ್ದೆ. ಶಾಲೆಯ ಪ್ರಯೋಗಾಲಯದಿಂದ ಸ್ಪ್ರಿಂಗ್ ತ್ರಾಸನ್ನು ಮನೆಗೆ ತಂದೆ. ಡಬ್ಬದ ತೂಕ ಕಳೆದು ರಾಗಿ ಸರಿಯಾಗಿ ಹತ್ತು ಕೆ.ಜಿ. ಇರುವಂತೆ ತೂಗಿ, ಅಡುಗೆಮನೆಯ ಬಾಗಿಲಿನ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ. ತ್ರಾಸೂ ಶಾಲೆಯದು, ಸೀಮೆಸುಣ್ಣವೂ ಶಾಲೆಯದು. ಅವುಗಳಿಂದ ಇನ್ನೊಬ್ಬರ ಕಳ್ಳತನ ಹಿಡಿಯಲು ಹೊರಟಿದ್ದೇನೆ ಎಂಬುದು ಆಗ ನನಗೆ ತೋರಲಿಲ್ಲ.

ಹಿಟ್ಟು ಇಳಿದ ಮೇಲೆ, ಸಾಲಿನಲ್ಲಿದ್ದವರೆಲ್ಲ ನೋಡುವಂತೆ ಗಿರಣಿಯ ಬಾಗಿಲಿನ ಕೊಂಡಿಗೆ ತ್ರಾಸು ನೇತುಹಾಕಿ ತೂಗಿದೆ. ಮುನ್ನೂರು ಗ್ರಾಂ ಕಡಿಮೆ. ಎಲ್ಲಿ ಹೋಯಿತು ಎಂದು ಕೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. ಬೀಸುವಾಗ ಬಿಸಿಗೆ ಅಷ್ಟು ಹೋಗುತ್ತದೆ, ಎಲ್ಲರದೂ ಹೋಗುತ್ತದೆ, ಹಸಿಯಿದ್ದರೆ ಇನ್ನೂ ಹೆಚ್ಚು ಹೋಗುತ್ತದೆ, ಅದಕ್ಕೇ ಒಣಗಿಸಿ ತನ್ನಿ ಎಂದದ್ದು ಎಂದು ಹೇಳಿದರು. ಅದುವರೆಗೆ ನಾನು ಅವರನ್ನು ಯಜಮಾನರೇ ಎಂದೇ ಕರೆಯುತ್ತಿದ್ದೆ.

“ಬಿಸಿಗೆ ಹೋಗೋಕೆ ಅದೇನು ಬೆಣ್ಣೆಯೇನಯ್ಯಾ?” ಎಂದೆ.

ಈ ಸಲ ಹೆಂಗಸರು ಸೆರಗಿನ ಮರೆಯಿಲ್ಲದೆ ನಕ್ಕರು. ಆ ನಗು ನನಗೆ ಎಷ್ಟು ಹಿತವಾಗಿತ್ತೆಂದರೆ, ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಮೂಲೆಯ ತಗಡಿನ ಡಬ್ಬವನ್ನು ತೋರಿಸಿ, ಅದರಲ್ಲಿರುವುದು ಯಾರ ಹಿಟ್ಟು ಎಂದು ಕೇಳಿದೆ. ಕೊಳವೆ ಹಿಡಿದು ಕುಳಿತಿದ್ದ ಆಕೆ ತಲೆಯೆತ್ತಿ ನನ್ನನ್ನು ನೋಡಿದರು. ಗಿರಣಿಯವರು ಆಕೆಯನ್ನು ನೋಡಿದರು.

ಬಿಸಿಗೆ ನೀರು ಆವಿಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಒದ್ದೆ ಕರವಸ್ತ್ರವನ್ನು ತೂಗಿ, ಕಿಟಕಿಗೆ ಒಣಹಾಕಿ, ಮತ್ತೆ ತೂಗಿ ತೋರಿಸಿ ಪ್ರತಿವರ್ಷ ಎಂಟನೆಯ ತರಗತಿಗೆ ಆ ಪಾಠ ಮಾಡುತ್ತಿದ್ದವನೇ ನಾನು. ಗೊತ್ತಿತ್ತು. ಆದರೆ ಗಿರಣಿಯ ಬಾಗಿಲಲ್ಲಿ ಆ ಪಾಠವನ್ನು ನೆನೆಯಲು ನನಗೆ ಇಷ್ಟವಿರಲಿಲ್ಲ…

ಎರಡು ದಿನದ ಮೇಲೆ ಗಿರಣಿಯವರು ನಮ್ಮ ಮನೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು ಕಾಗದದ ಪೊಟ್ಟಣವೊಂದನ್ನು ಚಾಚಿದರು. “ಮುನ್ನೂರು ಗ್ರಾಂ ಐತೆ, ತೂಗ್ಕೊಳಿ. ಊರಾಗೆ ಮಾತ್ರ ಹೇಳ್ಬೇಡಿ ಮೇಷ್ಟ್ರೇ” ಎಂದರು. ಅದನ್ನು ನಾನು ತಪ್ಪೊಪ್ಪಿಗೆ ಎಂದು ತಿಳಿದೆ. ಪೊಟ್ಟಣ ತೆಗೆದುಕೊಂಡೆ. ಇದನ್ನೂ ಬರೆಯಬೇಕು: ಅವರು ಹೋದ ಮೇಲೆ ಅದನ್ನು ತೂಗಿಯೂ ನೋಡಿದೆ. ಆ ಹಿಟ್ಟಿನ ಮುದ್ದೆ ಉಂಡೆ.

ಊರಿನಲ್ಲಿ ಹೇಳಬೇಡಿ ಎಂದರು. ಹೇಳುವ ಅಗತ್ಯವೇ ಇರಲಿಲ್ಲ. ಮೇಷ್ಟ್ರು ತೂಗಿ ತೋರಿಸಿದ್ದಾರೆ ಎಂಬ ಮಾತು ಸಾಲಿನಲ್ಲಿದ್ದವರ ಬಾಯಿಂದಲೇ ಹರಡಿತ್ತು. ಡಬ್ಬಗಳು ಊರಿನ ಇನ್ನೊಂದು ತುದಿಯ ಗಿರಣಿಗೆ ಹೋದವು. ನನ್ನದೂ ಹೋಯಿತು. ಅಲ್ಲಿ ಬೀಸಿದ ಹಿಟ್ಟನ್ನು ನಾನು ಒಮ್ಮೆಯೂ ತೂಗಲಿಲ್ಲ, ಏಕೆಂದರೆ ಅಲ್ಲಿನವನು ನನ್ನನ್ನು ಯಾರ ಮುಂದೆಯೂ ನಗೆಪಾಟಲು ಮಾಡಿರಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ನಮ್ಮ ಬೀದಿಯ ಗಿರಣಿಗೆ ಬೀಗ ಬಿದ್ದಿತ್ತು. ಅವರು ಯಂತ್ರ ಮಾರಿ ತರೀಕೆರೆಗೆ ಹೋದರು ಎಂದು ಕೇಳಿದೆ. ಆಮೇಲೆ ನನಗೂ ವರ್ಗವಾಯಿತು. ನಾನು ಮರೆತೆ. ನನಗೆ ಆದದ್ದನ್ನಲ್ಲ, ನಾನು ಮಾಡಿದ್ದನ್ನು.

ಅಡುಗೆಮನೆಯಲ್ಲಿ ಆ ಅರವತ್ತು ಗ್ರಾಂ ಕಳೆದ ಮೇಲೆ ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಅಜ್ಜಂಪುರದಲ್ಲಿರುವ ಹಳೆಯ ಶಿಷ್ಯನೊಬ್ಬನಿಗೆ ಫೋನ್ ಮಾಡಿ ವಿಚಾರಿಸಿದೆ. ಗಿರಣಿಯವರು ತೀರಿಕೊಂಡು ಬಹಳ ವರ್ಷವಾಯಿತು, ಹೆಂಡತಿ ತರೀಕೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ ಎಂದ. ಮರುದಿನವೇ ಬೀರೂರಿನ ಮೇಲೆ ತರೀಕೆರೆಗೆ ಬಸ್ಸು ಹಿಡಿದೆ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿಯೇ ತಿದ್ದುತ್ತ ಹೋದೆ.

ಆಕೆ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು. ಕಣ್ಣು ಮಂಜಾಗಿತ್ತು. ಅಜ್ಜಂಪುರದ ಹೈಸ್ಕೂಲಿನಲ್ಲಿದ್ದವನು ಎಂದಷ್ಟೇ ಹೇಳಿದೆ. ಮೊರ ಕೆಳಗಿಟ್ಟು, “ತೂಗಿದ ಮೇಷ್ಟ್ರಾ?” ಎಂದರು. ಇಷ್ಟು ವರ್ಷ ಆ ಮನೆಯಲ್ಲಿ ನನಗಿದ್ದ ಹೆಸರು ಅದು.

ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಮಾತುಗಳೆಲ್ಲ ಹೋದವು. ಹಿಟ್ಟನ್ನು ಯಾರೂ ಕದ್ದಿರಲಿಲ್ಲ, ನೀರಿನಂಶ ಆವಿಯಾಗಿತ್ತು, ನನ್ನದೇ ತಪ್ಪು ಎಂದು ಹೇಗೋ ಹೇಳಿ ಮುಗಿಸಿದೆ. ಆಕೆ ಅವಸರವಿಲ್ಲದೆ ಕೇಳಿದರು. ಆಮೇಲೆ, ನನ್ನನ್ನು ನೋಯಿಸುವ ಉದ್ದೇಶವೇ ಇಲ್ಲದೆ, ನಡೆದದ್ದನ್ನು ಹೇಳಿದರು.

“ಅವತ್ತು ನಮ್ಮ ಯಜಮಾನ್ರು ಮನೆಗೆ ಬಂದೋರು ಉಣ್ಣಕ್ಕೆ ಕೂರ್ಲಿಲ್ಲ. ಮೇಷ್ಟ್ರು ಓದಿದೋರು, ಸುಳ್ಳೇಳಲ್ಲ. ತಕ್ಕಡಿನೂ ಸುಳ್ಳೇಳಲ್ಲ. ಹಂಗಾರೆ ನೀನೇ ತೆಗೀತಿದ್ದೀಯೇನೇ, ಅಂದ್ರು.”

ಜಗಲಿಯ ಮೇಲೆ ಬಿದ್ದಿದ್ದ ಅಕ್ಕಿಯ ಕಾಳೊಂದನ್ನು ಹೆಕ್ಕಿ ಆಕೆ ಮೊರಕ್ಕೆ ಹಾಕಿದರು.

“ನಾನು ಮಾತಾಡ್ಲಿಲ್ಲ. ಅದುಕ್ಕೇನು ಹೇಳ್ತಾರೆ? ಮಾರನೇ ದಿನದಿಂದ ಮಿಲ್ಲಿಗೆ ಹೋಗ್ಲಿಲ್ಲ. ಒಬ್ರೇ ಕಾಳು ಸುರಿದು ಒಬ್ರೇ ಹಿಟ್ಟು ಹಿಡಿಯಕ್ಕಾಗ್ತದಾ? ಇಲ್ಲಿಗೆ ಬಂದು ಅಕ್ಕಿ ಮಿಲ್ಲಲ್ಲಿ ಮೂಟೆ ಹೊತ್ರು. ಸಾಯೋವರ್ಗೂ ಆ ಮಾತು ಇನ್ನೊಂದ್ಸಲ ಕೇಳ್ಲಿಲ್ಲ. ಕೇಳಿದ್ರೆ ಇಲ್ಲ ಅಂತಿದ್ದೆ.”

ನನ್ನ ಮನೆಗೆ ಪೊಟ್ಟಣದಲ್ಲಿ ಬಂದದ್ದು ಅವರ ಮನೆಯ ಡಬ್ಬದಿಂದ ಅಳೆದು ತಂದ ಹಿಟ್ಟು ಎಂಬುದೂ ಆಗಲೇ ತಿಳಿಯಿತು. ಬಿಸಿಗೆ ಹೋಗುತ್ತದೆಂದು ಅವರಿಗೆ ಗೊತ್ತಿತ್ತಲ್ಲ, ನನಗೇ ಹೇಳಿದ್ದರಲ್ಲ ಎಂದೆ. ಅದು ಸಮರ್ಥನೆಯಂತೆ ಕೇಳಿಸಿತು, ಆಡಬಾರದಿತ್ತು.

“ಗೊತ್ತಿತ್ತು” ಎಂದರು ಆಕೆ. “ನೀವು ತೂಗೋವರ್ಗೂ ಗೊತ್ತಿತ್ತು.”

ಕಾಫಿ ಬೇಡವೆಂದರೂ ಮಾಡಿ ತಂದರು. ನಾನು ಏಳಲು ಹೊರಟಾಗ ಕೂರಿಸಿದರು. ಮಗಳು ಬಟ್ಟೆ ಹೊಲಿಯುವ ಅಂಗಡಿಯಿಂದ ಐದಕ್ಕೆ ಬರುತ್ತಾಳೆ, ಅವಳ ಮುಂದೆ ಇನ್ನೊಂದು ಸಲ ಎಲ್ಲವನ್ನೂ ಹೇಳಿ ಹೋಗಿ ಎಂದರು. ಅಂದು ಗಂಡ ಆ ಮಾತು ಕೇಳಿದಾಗ ಮಗಳಿಗೆ ಏಳು ವರ್ಷವಂತೆ, ಪಕ್ಕದಲ್ಲಿಯೇ ಕುಳಿತು ಉಣ್ಣುತ್ತಿದ್ದಳಂತೆ. ಈಗಲೂ ಸಾಮಾನಿನ ಡಬ್ಬಗಳನ್ನು ಅವಳೇ ತೆಗೆಯುತ್ತಾಳೆ, ಅವಳೇ ಮುಚ್ಚುತ್ತಾಳೆ. ತಮ್ಮ ಕೈಗೆ ಬಿಡುವುದಿಲ್ಲ… ಎಂದು ಹೇಳಿ ಆಕೆ ಮತ್ತೆ ಮೊರ ಎತ್ತಿಕೊಂಡರು.

ಎರಡು ಗಂಟೆ ಕಾಲ ಆ ಜಗಲಿಯಲ್ಲಿ ಕುಳಿತೆ. ಮಗಳು ಬಂದಳು. ಐವತ್ತರ ಸಮೀಪದ ಹೆಂಗಸು, ಅಪ್ಪನದೇ ಹಣೆ. ತರಗತಿಯಲ್ಲಿ ಹೇಳುವಂತೆ ಮೊದಲಿನಿಂದ ಹೇಳಿದೆ. ಕಾಳಿನಲ್ಲಿ ನೀರಿರುತ್ತದೆ, ಕಲ್ಲು ಬಿಸಿಯಾಗುತ್ತದೆ, ನೀರು ಹೋಗುತ್ತದೆ, ತೂಕ ಇಳಿಯುತ್ತದೆ. ನಿಮ್ಮ ತಾಯಿ ಒಂದು ಚಿಟಿಕೆಯನ್ನೂ ತೆಗೆಯಲಿಲ್ಲ. ಅವಳು ಹೆಗಲಿನ ಚೀಲವನ್ನೂ ಇಳಿಸದೆ ನಿಂತು ಕೇಳಿದಳು. ತಾಯಿಯ ಕಡೆ ನೋಡಲಿಲ್ಲ.

“ಅಪ್ಪ ಇದ್ದಾಗ ಬರ್ಬೇಕಿತ್ತು ಸಾರ್” ಎಂದು ಹೇಳಿ ಒಳಗೆ ಹೋದಳು.

ಹೌದು, ಬರಬೇಕಿತ್ತು. ಇದನ್ನು ಕೇಳಲೇಬೇಕಾಗಿದ್ದ ಮನುಷ್ಯ ಹೆಂಡತಿಯ ಮೇಲಿನ ಸಂಶಯವನ್ನು ಎದೆಯಲ್ಲಿಟ್ಟುಕೊಂಡು, ಬೇರೆಯವರ ಮೂಟೆ ಹೊರುತ್ತ ಹೋಗಿಬಿಟ್ಟರು. ಬೀದಿಯವರೆಗೆ ಬಂದು ನನ್ನನ್ನು ಕಳುಹಿಸಿದ್ದು ಆ ಮುದುಕಿಯೇ. ಮತ್ತೆ ಬನ್ನಿ ಎಂದು ಆಕೆ ಹೇಳಲಿಲ್ಲ. ನಾನೂ ನಿರೀಕ್ಷಿಸಲಿಲ್ಲ.

ಅವರ ಹೆಸರನ್ನು ನಾನು ಬರೆಯುವುದಿಲ್ಲ; ಒಮ್ಮೆ ನನ್ನಿಂದ ಕೆಟ್ಟ ಹೆಸರು ಅದು. ಆದರೆ ಆ ಮಾತನ್ನು ಒಂದು ಮನೆಯ ಜಗಲಿಯಲ್ಲಿ ಹಿಂತೆಗೆದುಕೊಂಡರೆ ಸಾಲದು, ಆಡಿದ್ದು ಹತ್ತು ಜನರ ಮುಂದೆ. ಅಜ್ಜಂಪುರದ ಆ ಬೀದಿಯ ಗಿರಣಿಯಲ್ಲಿ ಅಂದು ಸಾಲಿನಲ್ಲಿ ನಿಂತು ನಕ್ಕವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ತಿಳಿದಿರಲಿ: ಅಲ್ಲಿ ಗಂಡನೂ ಹಿಟ್ಟು ಕದಿಯಲಿಲ್ಲ, ಹೆಂಡತಿಯೂ ಕದಿಯಲಿಲ್ಲ. ಮೇಷ್ಟ್ರು ತಪ್ಪು ಹೇಳಿದ್ದರು.