ಏಳನೆಯ ಬಾವುಟ

ಇಂಥ ಮಾತನ್ನು ಬೇರೆ ಯಾರಾದರೂ ನನ್ನ ಅಂಗಡಿಗೆ ಬಂದು ಹೇಳಿದ್ದರೆ ಚಹಾ ಕುಡಿಸಿ ಕಳಿಸುತ್ತಿದ್ದೆ, ಒಂದಕ್ಷರವನ್ನೂ ನಂಬುತ್ತಿರಲಿಲ್ಲ. ಸಿರುಗುಪ್ಪದಲ್ಲಿ ಪಾತ್ರೆ, ಪ್ಲಾಸ್ಟಿಕ್ ಸಾಮಾನಿನ ಅಂಗಡಿ ನನ್ನದು. ಸೈಕಲ್ಲಿಗೆ ಕೊಡ ಕಟ್ಟಿಕೊಂಡು ಊರೂರು ತಿರುಗಿ ಮಾರಿ ಮೇಲೆ ಬಂದವನು. ಕೈಯಲ್ಲಿ ಹಿಡಿದು ನೋಡದೆ ಏನನ್ನೂ ಕೊಳ್ಳಬೇಡಿ, ಕಣ್ಣಾರೆ ಕಾಣದೆ ಏನನ್ನೂ ನಂಬಬೇಡಿ ಎಂದು ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುತ್ತ ಬಂದಿದ್ದೇನೆ. ಆದರೆ ಇದು ಕೈಗೂ ಸಿಕ್ಕಿತು, ಕಣ್ಣಿಗೂ ಕಂಡಿತು. ತೊಂದರೆ ಇರುವುದೇ ಅಲ್ಲಿ.

ಊರಿನ ಮಕ್ಕಳಿಗಾಗಿ ಕೆಲವು ವರ್ಷಗಳ ಹಿಂದೆ ಒಂದು ಓಟದ ಕ್ಲಬ್ ಕಟ್ಟಿದೆ. ಬರೀ ಓಟವಲ್ಲ, ಕೈಗೆ ನಕ್ಷೆ, ದಿಕ್ಸೂಚಿ ಕೊಟ್ಟು ಗುಡ್ಡಕ್ಕೆ ಬಿಡುವುದು. ಅಲ್ಲಲ್ಲಿ ಬಾವುಟ ಕಟ್ಟಿ, ಪ್ರತಿಯೊಂದಕ್ಕೂ ಒಂದು ಪಂಚು ತೂಗುಬಿಟ್ಟಿರುತ್ತೇವೆ. ಎಲ್ಲ ಬಾವುಟಗಳನ್ನೂ ಹುಡುಕಿ, ಕಾರ್ಡಿಗೆ ತೂತು ಹಾಕಿಕೊಂಡು ಮೊದಲು ಮರಳಿದವರು ಗೆದ್ದಂತೆ. ಪಂಚುಗಳು ಹಳೆಯ ಬಸ್ ಕಂಡಕ್ಟರುಗಳವು, ಬಳ್ಳಾರಿಯ ಬ್ರೂಸ್‌ಪೇಟೆಯ ಗುಜರಿಯಲ್ಲಿ ಚೌಕಾಶಿ ಮಾಡಿ ತಂದದ್ದು. ಒಂದೊಂದರ ತೂತು ಒಂದೊಂದು ಆಕಾರ. ಕೊನೆಗೆ ಬಂದವರು ಮತ್ತೆ ಗುಡ್ಡ ಹತ್ತಿ ಬಾವುಟಗಳನ್ನೆಲ್ಲ ಬಿಚ್ಚಿ ತರಬೇಕು, ಉಳಿದವರು ನೆರಳಲ್ಲಿ ಕೂತು ಗೇಲಿ ಮಾಡಬೇಕು. ಆ ಪದ್ಧತಿ ತಂದವನು ನಾನೇ. ಮಕ್ಕಳನ್ನು ಓಡಿಸಲು ನಾಚಿಕೆಗಿಂತ ಒಳ್ಳೆಯ ಮೇಷ್ಟ್ರಿಲ್ಲ ಎಂದುಕೊಂಡಿದ್ದೆ.

ಒಂದು ಬೇಸಿಗೆಯಲ್ಲಿ ಕುರುಗೋಡಿನ ಗುಡ್ಡದಲ್ಲಿ ಆಯ್ಕೆಯ ಓಟ ಇಟ್ಟಿದ್ದೆ. ಬಳ್ಳಾರಿಯ ಒಂದು ಕ್ರೀಡಾ ಹಾಸ್ಟೆಲ್ಲಿಗೆ ನಮ್ಮ ಕ್ಲಬ್ಬಿನಿಂದ ಒಬ್ಬಳೇ ಹುಡುಗಿಯ ಹೆಸರು ಹೋಗಬೇಕಿತ್ತು. ಊಟ, ಓದು, ತರಬೇತಿ ಎಲ್ಲ ಅಲ್ಲೇ. ತೆಕ್ಕಲಕೋಟೆಯ ಹುಲಿಗೆಮ್ಮನಿಗೆ ಆ ಸೀಟು ಬೇಕೇ ಬೇಕಿತ್ತು. ಸಿಗದಿದ್ದರೆ ಶಾಲೆ ನಿಲ್ಲಿಸಿ ಹತ್ತಿ ಬಿಡಿಸಲು ಕಳಿಸುತ್ತೇನೆ ಎಂದು ಅವಳ ತಾಯಿ ನನ್ನೆದುರೇ ಹೇಳಿದ್ದಳು.

ಅವಳೇ ಮೊದಲು ಬಂದಳು. ನಾನು ನನ್ನ ಕೈಯಾರೆ ಕಟ್ಟಿದ್ದು ಆರು ಬಾವುಟ. ಅವಳ ಕಾರ್ಡಿನಲ್ಲಿ ಏಳು ತೂತು. ಏಳನೆಯದು ಅರ್ಧಚಂದ್ರದಂತಿತ್ತು, ನಮ್ಮ ಯಾವ ಪಂಚಿನದೂ ಅಲ್ಲ.

“ಇದೇನಿದು?” ಎಂದೆ.

“ಮ್ಯಾಲ ಜೋಡುಗುಂಡಿನ ಬಂಡೆ ಸಂದ್ಯಾಗ ಒಂದು ಇತ್ತಲ್ರಿ ಸರ. ಕಂಡ್ತು, ಹೊಡದೆ.”

“ನಾ ಕಟ್ಟಲಾರದ್ದು ನಿನಗ ಹೆಂಗ ಕಂಡ್ತು?”

“ಕಟ್ಟಿದ್ದಕ್ಕ ಕಂಡ್ತ್ರಿ.”

ಹುಡುಗರು ಕಿಸಕ್ಕನೆ ನಕ್ಕರು. ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಎರಡನೆಯವಳು ಓಡಿ ಬಂದಳು. ಕ್ಲಬ್ಬಿನ ಮಕ್ಕಳಿಗೆಲ್ಲ ಬೂಟು ಕೊಡಿಸುವ ರೈಸ್‌ಮಿಲ್ ಮಾಲೀಕರ ಮಗಳು. ಮುಚ್ಚಿಡುವುದೇನು, ಅವಳ ಮುಖ ಕಂಡದ್ದೇ ತಡ ನನ್ನೊಳಗಿನ ವ್ಯಾಪಾರಿ ಎದ್ದು ಕೂತ. ಕಾರ್ಡು ಕೆಡಿಸಿದವರ ಓಟ ರದ್ದು ಎಂಬ ನಿಯಮವೂ ಇತ್ತು.

“ಹೋಗು, ಆ ಏಳನೇದು ಬಿಚ್ಚಿಕೊಂಡು ಬಾ. ತಂದ್ರ ಸೀಟು ನಿಂದ,” ಎಂದು ಹುಲಿಗೆಮ್ಮನಿಗೆ ಹೇಳಿದೆ.

ಮೊದಲು ಬಂದವಳಿಗೆ ಕೊನೆಯವರ ಕೆಲಸ. “ಏ ಏಳಮ್ಮಾ, ಎಂಟನೇದೂ ಸಿಕ್ಕರ ತಗೊಂಡು ಬಾರಬೇ!” ಎಂದು ಹುಡುಗರು ಕೂಗಿದರು. ನಾನು ಗದರಿಸಲಿಲ್ಲ. ನೀರು ಕುಡಿದು ಹೋಗು ಎಂದೂ ಹೇಳಲಿಲ್ಲ. ನಡುಮಧ್ಯಾಹ್ನ, ಬಂಡೆ ರೊಟ್ಟಿಯ ಹೆಂಚಿನಂತೆ ಕಾದಿತ್ತು. ಅವಳು ಬಂಡೆಗಳ ಹಿಂದೆ ಮರೆಯಾದ ಕೂಡಲೇ ಫೋನು ತೆಗೆದು ಹಾಸ್ಟೆಲ್ಲಿಗೆ ಮಿಲ್ ಮಾಲೀಕರ ಮಗಳ ಹೆಸರು ಕಳಿಸಿದೆ.

ಎರಡು ತಾಸಿನ ಮೇಲೆ ಇಳಿದು ಬಂದಳು. ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಒಂದು ಬಾವುಟವನ್ನು ನನ್ನ ಕಾಲ ಬಳಿ ಹಾಕಿದಳು.

ನಮ್ಮದೇ ಬಾವುಟ. ಅದೇ ಕೇಸರಿ-ಬಿಳಿ ಬಟ್ಟೆ, ಅದೇ ದಪ್ಪ ಜೀನ್ಸ್ ದಾರ. ಆದರೆ ನಮ್ಮವನ್ನು ಹೊಲಿಸಿ ತಿಂಗಳೂ ಆಗಿರಲಿಲ್ಲ. ಇದು ಹತ್ತಾರು ಬೇಸಿಗೆ ಕಂಡಂತೆ ಬಿಳಿಚಿಕೊಂಡು, ಮುಟ್ಟಿದರೆ ಎಳೆ ಎಳೆಯಾಗಿ ಉದುರುತ್ತಿತ್ತು. ನಡುವೆ ಬಣ್ಣದಲ್ಲಿ ೭ ಎಂದು ಬರೆದಿತ್ತು, ಅಂಕಿಯ ಪಕ್ಕಕ್ಕೆ ಒಂದು ಉದ್ದ ಗೀಟು. ಯಾರೂ ಮುಂದೆ ಇನ್ನೊಂದು ಅಂಕಿ ಸೇರಿಸಬಾರದೆಂದು ಅಂಗಡಿಯ ಚೀಟಿಗಳಲ್ಲಿ ನಾನು ಎಳೆಯುವ ಗೀಟು ಅದು. ಕೈಬರಹ ನನ್ನದು.

“ತಂದೀನ್ರಿ ಸರ. ಸೀಟು?” ಎಂದಳು.

“ಮನ್ಯಾಗ ಹೊಲದು ತಂದು ಮೊದಲ ಬಚ್ಚಿಟ್ಟಿದ್ದೀ ಏನು? ಸುಳ್ಳಿ!” ಎಂದುಬಿಟ್ಟೆ. ಎಲ್ಲರೂ ನಕ್ಕರು. ಅವಳು ಅಳಲಿಲ್ಲ. ಬೂಟು ಬಿಚ್ಚಿ ಅಲ್ಲೇ ಇಟ್ಟು, ಬರಿಗಾಲಲ್ಲಿ ಬಸ್ ನಿಲ್ದಾಣದ ಕಡೆ ನಡೆದಳು. ಮತ್ತೆ ಕ್ಲಬ್ಬಿಗೆ ಬರಲಿಲ್ಲ.

ಮರುದಿನ ಬಾವುಟ ಹಿಡಿದು ಬಳ್ಳಾರಿಗೆ ಹೋದೆ. ನಮ್ಮ ಬಾವುಟಗಳನ್ನು ಹೊಲಿದವನು ಅಲ್ಲಿನ ಟೇಲರ್ ಮಸ್ತಾನ್. ಅವನು ಅದನ್ನು ತಿರುವಿ ತಿರುವಿ ನೋಡಿದ. “ಹೊಲಿಗಿ ನಂದ ಐತಿ ಅಣ್ಣಾ. ಆದ್ರ ಇದನ್ನ ನಾ ಹೊಲಿದಿಲ್ಲ. ಆರಕ್ಕ ಬಟ್ಟಿ ಮುಗೀತು, ನಿಮ್ಮ ಮುಂದನ,” ಎಂದ. ಅಲ್ಲಿಂದ ನೇರ ಕುರುಗೋಡಿಗೆ ಹೋಗಿ ಜೋಡುಗುಂಡು ಹತ್ತಿದೆ. ಸಂದಿಯಲ್ಲಿ ತುಕ್ಕು ತಿಂದ ತಂತಿಯೊಂದು ಬಿಟ್ಟರೆ ಅರ್ಧಚಂದ್ರದ ಪಂಚಾಗಲಿ, ಬೇರೇನಾಗಲಿ ಇರಲಿಲ್ಲ.

ಹೋದ ವರ್ಷ ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಘಟಕದ ಮುಂದೆ ಹುಲಿಗೆಮ್ಮ ಎದುರಾದಳು. ಜೊತೆಗೆ ಕೆಲಸದ ಗೆಳತಿಯರಿದ್ದರು.

“ನಾ ಹೇಳಿದ್ರ ಇವರು ನಂಬಂಗಿಲ್ರಿ ಸರ. ನೀವ ಹೇಳ್ರಿ, ಆವತ್ತು ನಾ ಬಾವುಟ ತಂದಿದ್ನೋ ಇಲ್ಲೋ?”

ಹೌದು, ತಂದಿದ್ದಳು ಎಂದರೆ ಮುಂದಿನ ಪ್ರಶ್ನೆ ಸೀಟಿನದು. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

“ಯಾವ ಬಾವುಟಬೇ?” ಎಂದೆ.

ಗೆಳತಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವಳು ನನ್ನನ್ನೊಮ್ಮೆ ನೋಡಿ, ಬುತ್ತಿ ಡಬ್ಬಿ ಹಿಡಿದು ಒಳಗೆ ಹೋದಳು.

ಆ ಬಾವುಟ ಈಗಲೂ ನನ್ನ ಬಳಿ ಇದೆ. ಅದು ಎಲ್ಲಿಂದ ಬಂತು, ಯಾರು ಕಟ್ಟಿದರು, ಎಷ್ಟು ಯೋಚಿಸಿದರೂ ನನಗೆ ತಿಳಿದಿಲ್ಲ. ಅದನ್ನು ನಾನಂತೂ ಕಟ್ಟಿಲ್ಲ. ಅಷ್ಟನ್ನಾದರೂ ನೀವು ನಂಬಬೇಕು.