ಚಿಪ್ಪಿನ ಅಂಚು

ಕೊಟ್ಟಾರದ ಹೋಟೆಲಿನಲ್ಲಿ ಮಧ್ಯಾಹ್ನ ಊಟಕ್ಕೆ ಕುಳಿತಾಗ ಪಕ್ಕದ ಮೇಜಿನವರು ಏಡಿಯ ಕಾಲನ್ನು ಹಲ್ಲಿನಲ್ಲಿ ಕಡಿಯುತ್ತಾರೆ. ಟಿಕ್ ಎನ್ನುವ ಒಣ ಶಬ್ದ. ಅವರಿಗೆ ಅದು ಊಟದ ಸದ್ದು. ನನ್ನ ಕೈಯ ತುತ್ತು ಮಾತ್ರ ಒಂದು ಕ್ಷಣ ಹಾಗೇ ನಿಲ್ಲುತ್ತದೆ. ಬಂದರಿನ ಓಣಿಯಲ್ಲಿ ಒಣಮೀನಿನ ಗೋದಾಮುಗಳಿಗೆ ಬೆನ್ನು ಕೊಟ್ಟು ನಿಂತಿದ್ದ ಅಜ್ಜಿಮನೆ, ಅದರ ಜಗಲಿಯ ಮೇಲಿನ ನೀಲಿ ಬಾಲ್ದಿ, ಒಳಕೋಣೆಯ ಮುಚ್ಚಿದ ಬಾಗಿಲು ಎಲ್ಲವೂ ಒಟ್ಟಿಗೆ ಎದುರು ಬರುತ್ತವೆ.

ಆಗ ನಾನು ಚಿಕ್ಕವಳು. ಬಾಲ್ದಿಯನ್ನು ತಂದವನು ದೋಣಿಗಳು ಮೀನು ಇಳಿಸುವ ದಕ್ಕೆಯಲ್ಲಿ ಕೆಲಸಕ್ಕಿದ್ದ ಮಾಮ. ಕಡಲ ನೀರಿನಲ್ಲಿ ಒಂದು ಏಡಿ, ಮನೆಮಾತಿನಲ್ಲಿ ಡೆಂಜಿ, ಜೊತೆಗೆ ಮುಷ್ಟಿಯಷ್ಟು ದೊಡ್ಡ ಒಂದು ಶಂಖದ ಹುಳು. "ಡೆಂಜಿ ಇಷ್ಟು ಗಟ್ಟಿ ಚಿಪ್ಪನ್ನು ಹೇಗೆ ತಿಂತದೆ ಅಂತ ಕೇಳ್ತಿದ್ದಿಯಲ್ಲ? ನೋಡು ಈಗ. ಕೈ ಹಾಕಬೇಡ ಮಾರಾಯ್ತಿ, ಬೆರಳು ಹೋಗ್ತದೆ." ಒಂದೇ ಏಟಿಗೆ ಒಡೆಯುತ್ತದೆಂದು ನಾನು ಎಣಿಸಿದ್ದೆ. ಹಾಗಲ್ಲ. ಏಡಿ ಶಂಖವನ್ನು ಮಗುವಿನಂತೆ ಎದೆಗವಚಿಕೊಂಡು ಮೆಲ್ಲಗೆ ತಿರುಗಿಸಿ ಬಾಯಿಯನ್ನು ಹುಡುಕಿತು. ಒಂದು ಕೊಂಡಿಯನ್ನು ಅಂಚಿಗೆ ಸಿಕ್ಕಿಸಿ ಉಗುರಿನಷ್ಟು ಚೂರು ಮುರಿಯಿತು. ಟಿಕ್. ಸ್ವಲ್ಪ ತಿರುಗಿಸಿತು, ಮತ್ತೊಂದು ಚೂರು. ಹುಳು ತನ್ನ ಬಾಗಿಲಿನಂಥ ಮುಚ್ಚಳವನ್ನು ಎಳೆದುಕೊಂಡು ಒಳಗೊಳಗೆ ಸರಿಯಿತು. ಅದು ಸರಿದಷ್ಟೂ ಏಡಿ ಹಿಂದಿನ ದಾರಿಯನ್ನು ಒಡೆಯುತ್ತಾ ಬಂತು.

ಅದೇ ಹೊತ್ತಿಗೆ ಶಕ್ತಿನಗರದಿಂದ ಚಿಕ್ಕಪ್ಪ ಬಂದ. ಅವನ ಹೆಂಡತಿ, ಅಮ್ಮನ ತಂಗಿಯಾದ ನನ್ನ ಚಿಕ್ಕಮ್ಮ, ಆ ವಾರವಷ್ಟೇ ಒಂದು ಚೀಲ ಹಿಡಿದು, ಮುಂಗೈಗೆ ಬ್ಯಾಂಡೇಜು ಕಟ್ಟಿಕೊಂಡು ರಿಕ್ಷಾದಲ್ಲಿ ಬಂದಿಳಿದಿದ್ದಳು. ನನಗೆ "ಬಿದ್ದದ್ದು" ಎಂದಿದ್ದಳು. ಅಜ್ಜಿಗೆ ಹೇಳಿದ್ದು, ಗಂಡ ಕೈ ತಿರುಚಿದ ಎಂದು. ಅದೂ ನನ್ನ ಕಿವಿಗೆ ಬಿದ್ದಿತ್ತು. ಅವನ ಸ್ವರ ಕೇಳಿದ್ದೇ ಅವಳು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಅವನು ಬಾಗಿಲೆದುರು ಕುರ್ಚಿ ಎಳೆದು ಕುಳಿತ. ಅವನ ದನಿ ಒಮ್ಮೆಯೂ ಏರಲಿಲ್ಲ. ಮೊದಲು "ಮನೆಗೆ ಹೋಗುವ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಬರುವುದು ಬೇಡ, ಮಾತಾಡು." ಆಮೇಲೆ, "ಮಾತೂ ಬೇಡ, ಮುಖ ತೋರಿಸು ಸಾಕು." ಪ್ರತಿ ಸಲವೂ ಅವನು ಕೇಳಿಕೊಳ್ಳುವುದು ಕಡಿಮೆಯಾಗುತ್ತಿತ್ತು. ಮಾಮ ಗೋಡೆಗೊರಗಿ, "ಇಷ್ಟು ಹೇಳ್ತಿದ್ದಾರಲ್ಲ, ತೆಗಿ" ಎಂದ. ಶಂಖ ಉಳಿದರೆ ಚಿಕ್ಕಮ್ಮ ಉಳಿಯುತ್ತಾಳೆ ಎಂದು ನಾನು ಒಳಗೊಳಗೇ ನಿಶ್ಚಯಿಸಿಕೊಂಡಿದ್ದೆ. ಬಾಲ್ದಿಯ ತಳದಲ್ಲಿ ಬಿಳಿ ಚೂರುಗಳು ಹೆಚ್ಚುತ್ತಿದ್ದವು.

"ಒಳಗೆ ಸೆಕೆ ಉಂಟು. ಚಿಲಕ ತೆಗಿ, ಗಾಳಿಯಾದರೂ ಬರಲಿ," ಎಂದ ಚಿಕ್ಕಪ್ಪ.

ಚಿಲಕ ಸರಿದ ಸದ್ದು ಕೇಳಿತು. ನಾನು ಬಾಲ್ದಿಯಿಂದ ತಲೆ ಎತ್ತಲಿಲ್ಲ. ಏಡಿಯ ಕೊಂಡಿ ಆಗ ಶಂಖದೊಳಗೆ ಪೂರಾ ಇಳಿದಿತ್ತು.

ಹಿತ್ತಲಲ್ಲಿ ಮೀನು ಹೆಚ್ಚುತ್ತಿದ್ದ ಅಜ್ಜಿ ಎದ್ದು ಬಂದದ್ದು ಆಗಲೇ. ಮೊಣಕೈವರೆಗೂ ಮೀನಿನ ಹುರುಪೆ. ಬಾಗಿಲಿಗೂ ಕುರ್ಚಿಗೂ ನಡುವೆ, ಹೊಸ್ತಿಲಿಗೆ ಅಡ್ಡವಾಗಿ ನೆಲದಲ್ಲಿ ಕುಳಿತಳು. "ಗಾಳಿ ಅಂಗಳದಲ್ಲಿ ಬೇಕಾದಷ್ಟು ಉಂಟು. ನೀವು ಅಲ್ಲಿ ಹೋಗಿ ಕೂತ್ಕೊಳ್ಳಿ."

"ಅಮ್ಮ, ನಾಲ್ಕು ಜನ ಎಂತ ಹೇಳ್ತಾರೆ?" ಎಂದ ಮಾಮ.

"ಎಂತ ಬೇಕಾದರೂ ಹೇಳಲಿ. ನಮ್ಮದು ಅಳಿಯಕಟ್ಟು, ಮನೆ ಹೆಣ್ಣುಮಕ್ಕಳದ್ದು. ನೀನು ಸಹ ಇಲ್ಲಿ ಅವಳ ಅನ್ನ ತಿನ್ನುವವನೇ."

ಮಾಮ ಗೋಡೆ ಬಿಟ್ಟು ಅಂಗಳಕ್ಕಿಳಿದ. ಚಿಕ್ಕಪ್ಪ ಕುರ್ಚಿಯಿಂದ ಏಳಲು ಬಹಳ ಹೊತ್ತು ತೆಗೆದುಕೊಂಡ. ಅವನ ಚಪ್ಪಲಿಯ ಸದ್ದು ಓಣಿಯ ಆಚೆ ಕರಗಿದ ಮೇಲೂ ಅಜ್ಜಿ ಅಲ್ಲೇ ಕುಳಿತಿದ್ದಳು. ಮೀನು ಬೆಕ್ಕಿನ ಪಾಲಾಯಿತು.

ಸಂಜೆ ಚಿಕ್ಕಮ್ಮ ಹೊರಗೆ ಬಂದು ಬಾಲ್ದಿಯ ಹತ್ತಿರ ಕುಕ್ಕರಿಸಿದಳು. ಒಳಗೆ ಸರಿದಿದ್ದ ಹುಳುವಿಗೆ ಕೊಂಡಿ ಎಟುಕದೆ ಏಡಿ ಶಂಖವನ್ನು ಬಿಟ್ಟು ಮೂಲೆ ಸೇರಿತ್ತು. ಅವಳು ಸರಿಯಿದ್ದ ಕೈಯಿಂದ ಶಂಖವನ್ನೆತ್ತಿ, ಚಿಪ್ಪಿನ ಮೇಲೆ ಅಡ್ಡಲಾಗಿ ಹಬ್ಬಿದ್ದ ಒಂದು ಒರಟು ಏಣಿನ ಮೇಲೆ ನನ್ನ ಹೆಬ್ಬೆರಳನ್ನು ಇಟ್ಟಳು. ಹಿಂದೆಂದೋ ಮುರಿದಿದ್ದ ಅಂಚು, ಅಲ್ಲಿಂದಾಚೆಗೆ ಹೊಸ ಚಿಪ್ಪು.

"ಇದಕ್ಕೆ ಇದು ಮೊದಲ ಸಲ ಅಲ್ಲ," ಎಂದಳು.

ಮಾಮ ಮರುದಿನ ಯಾರೂ ಹೇಳದೆ ಶಂಖವನ್ನು ಬೋಟಿನವರ ಕೈಯಲ್ಲಿ ಕಡಲಿಗೆ ಕಳಿಸಿದ. ಏಡಿ ಮಧ್ಯಾಹ್ನದ ಊಟಕ್ಕೆ ಸುಕ್ಕವಾಯಿತು, ಚಿಕ್ಕಮ್ಮ ಎರಡು ಸಲ ಬಡಿಸಿಕೊಂಡಳು.

ಅವಳು ಮರಳಿ ಶಕ್ತಿನಗರಕ್ಕೆ ಹೋಗಲಿಲ್ಲ. ಆ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟು ಬಾಗಿಲು ತೆರೆದೇ ಕೂರುತ್ತಿದ್ದಳು, ನನಗೆ ಕಾಲೇಜಿನ ಚೂಡಿದಾರಗಳನ್ನು ಹೊಲಿದುಕೊಟ್ಟಳು. ಅಜ್ಜಿ ತೀರಿಹೋದಳು, ಕೆಲವು ವರ್ಷಗಳ ನಂತರ ಚಿಕ್ಕಮ್ಮನೂ. ಈಗ ಆ ಜಾಗದಲ್ಲಿ ಇನ್ನೊಂದು ಗೋದಾಮು. ಮನೆ ಕೆಡಹುವ ದಿನ ನಾನು ಒಬ್ಬಳೇ ಹೋಗಿದ್ದೆ. ಒಳಕೋಣೆಯ ಬಾಗಿಲನ್ನು ಕಳಚಿ ಗೋಡೆಗೆ ಒರಗಿಸಿದ್ದರು. ಚಿಲಕವನ್ನು ಎಳೆದು ನೋಡಿದೆ. ಅದು ತೆರೆದಲ್ಲೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.