ಅಪ್ಪನ ತಟ್ಟೆಯ ಮೇಲಿನ ಬೆಳಕು

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅದು ಅಪ್ಪನ ಕಡೆಯಿಂದ ಬಂದದ್ದೆಂದು ಅವ್ವ, ಅವ್ವನ ಕಡೆಯಿಂದ ಬಂದದ್ದೆಂದು ಅಪ್ಪ. ಏಳು ವರ್ಷದ ಹಿಂದೆ, ಹೊಸಪೇಟೆಯ ನಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ ಅದು ನನ್ನ ಬಾಯಿಂದ ಹೊರಬಿತ್ತು. ಅಪ್ಪ ಸಂಡೂರಿನ ಗಣಿಯೊಂದರ ಗ್ಯಾರೇಜಿನಲ್ಲಿ ಫಿಟ್ಟರ್. ಸೆಕೆಂಡ್ ಶಿಫ್ಟ್ ಇದ್ದ ದಿನ ಮನೆಯಲ್ಲೇ ಉಂಡು, ಓಣಿಯ ಮೂಲೆಗೆ ಬರುವ ಕಂಪನಿ ಬಸ್ಸು ಹತ್ತುತ್ತಿದ್ದ. ನಾನು ಶಿಲ್ಪಕಲೆ ಕಲಿತು ಬಂದು ಕೆಲಸವಿಲ್ಲದೆ ಕೂತಿದ್ದೆ. ಕಲ್ಲು ಕೆತ್ತಿದರೆ ಹೊಟ್ಟೆ ತುಂಬುತ್ತದೇನು ಎಂದು ಅಪ್ಪ ಕೇಳಿದ. ದಿನಾ ಕೇಳುತ್ತಿದ್ದದ್ದೇ. ಅವತ್ತು ಮಾತ್ರ ನಾನು, "ನಿನ್ನಂಗ ಕೆಂಪು ಮಣ್ಣು ತಿಂದು ಬದುಕೋದಕ್ಕಿಂತ ಚಲೋ ಐತಿ ಬಿಡು" ಎಂದುಬಿಟ್ಟೆ.

ಅಪ್ಪ ಕಲಸಿದ ಅನ್ನವನ್ನು ಹಾಗೇ ಬಿಟ್ಟು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಹೊರಟ. ನಾನು ನನ್ನ ಕೋಣೆಯ ಕದ ಹಾಕಿಕೊಂಡೆ. ಅಂದು ಸಂಜೆ ಕೆಲಸದ ನಡುವೆ ಎದೆ ಹಿಡಿದುಕೊಂಡು ಕುಸಿದವನು ಆಸ್ಪತ್ರೆ ಮುಟ್ಟಲೇ ಇಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಗಾದೆಯನ್ನು ಶಾಲೆಯಲ್ಲಿ ಹತ್ತು ಸಲ ಬರೆದವಳು ನಾನು, ಏನು ಬಂತು? ನಮ್ಮಪ್ಪ ಹಸಿದ ಹೊಟ್ಟೆಯಲ್ಲಿ ಸತ್ತ, ಊಟದಿಂದ ಎಬ್ಬಿಸಿದವಳು ನಾನು. ಅವ್ವ ಆ ದಿನದ ಮಾತೆತ್ತಲೇ ಇಲ್ಲ. ಆಗಾಗ ಕಂಪ್ಲಿಯ ತವರಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುತ್ತಿದ್ದಳು. ಬಂದರೂ ನನ್ನೊಂದಿಗೆ ಬೇಕಾದಷ್ಟೇ ಮಾತು. ಅವಳು ನನ್ನನ್ನು ದೂರುತ್ತಾಳೋ ಇಲ್ಲವೋ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆಮೇಲೆ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುವ ಕೆಲಸ ಸಿಕ್ಕಿತು. ಹೋದ ವರ್ಷದ ರಜೆಯಲ್ಲಿ ಮನೆಯ ಸಾಮಾನುಗಳ ಅಚ್ಚು ತೆಗೆಯತೊಡಗಿದೆ. ಅಪ್ಪ ಕೂರುತ್ತಿದ್ದ ಮಣೆ, ಅವನ ಸ್ಟೀಲ್ ತಟ್ಟೆ, ನೀರಿನ ತಂಬಿಗೆ. ಅಚ್ಚಿನೊಳಗೆ ಪ್ಲಾಸ್ಟರ್ ಸುರಿದು, ಅದು ಗಟ್ಟಿಯಾದ ಮೇಲೆ ಬಿಡಿಸಿದರೆ, ತಟ್ಟೆಯ ನೆಗ್ಗು, ಅಂಚಿನಲ್ಲಿ ಕೊರೆಸಿದ್ದ ಅವನ ಹೆಸರು, ಎಲ್ಲವೂ ಸುಣ್ಣದ ಬಿಳುಪಿನಲ್ಲಿ ಎದ್ದು ಬಂದವು. ಆ ಬಿಳಿ ತಟ್ಟೆಯ ಮೇಲೆ, ಅನ್ನ ಬಡಿಸುವ ಕೈಗಳ ವಿಡಿಯೋವನ್ನು ಮೇಲಿನಿಂದ ಪ್ರೊಜೆಕ್ಟರಿನಲ್ಲಿ ಬೀಳಿಸಬೇಕು ಎಂದುಕೊಂಡೆ. ಕೈಗಳು ಅವ್ವನವೇ ಆಗಬೇಕಿತ್ತು.

ಬರೀ ಕೈ ಸಾಕು, ಅನ್ನ ಸಾರು ಒಂದಿಷ್ಟಿದ್ದರೆ ನಡೆಯುತ್ತದೆ ಎಂದು ಅಂಜುತ್ತಲೇ ಹೇಳಿದೆ. ಅವಳು ಹೂಂ ಎಂದಳು. ಮರುದಿನ ನಸುಕಿನಲ್ಲೇ ಎದ್ದು, ತಲೆಗೆ ನೀರು ಹಾಕಿಕೊಂಡು, ಒಲೆ ಹಚ್ಚಿದವಳು ಮಧ್ಯಾಹ್ನದವರೆಗೆ ಮಾಡಿದ್ದೇ ಮಾಡಿದ್ದು. ಅನ್ನ, ಬೇಳೆಸಾರು, ಬದನೆಕಾಯಿ ಪಲ್ಯ, ಕೊನೆಗೆ ಅಪ್ಪನಿಗೆ ಪ್ರಾಣವಾಗಿದ್ದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ. ಕ್ಯಾಮೆರಾಕ್ಕೆ ಇಷ್ಟು ಸಂಭ್ರಮವೇ ಎಂದು ನಾನು ಒಳಗೊಳಗೇ ನಕ್ಕೆ. ಒಂದೊಂದಾಗಿ ಅಪ್ಪನ ಸ್ಟೀಲ್ ತಟ್ಟೆಗೆ ಬಡಿಸಿದಳು. ಕೊನೆಯ ಮಿರ್ಚಿ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನನ್ನತ್ತ ಒಮ್ಮೆ ನೋಡಿ ಎದ್ದು ಹೊರಗೆ ಹೋದಳು. ಇನ್ನೊಂದು ಸಲ ಬಡಿಸು ಬಾ ಎಂದು ಕೂಗಿದೆ. ಬರಲಿಲ್ಲ. ದಣಿದಿದ್ದಾಳೆ ಎಂದುಕೊಂಡು, ತಟ್ಟೆಯ ಎದುರೇ ಕೂತು ಕ್ಯಾಮೆರಾ ಓಡಿಸುತ್ತಿದ್ದೆ.

ಪ್ರದರ್ಶನವಿಟ್ಟದ್ದು ಹಂಪಿಯ ದಾರಿಯ ಕಡ್ಡಿರಾಂಪುರದಲ್ಲಿ, ಗೆಳತಿಯೊಬ್ಬಳ ಹೋಂಸ್ಟೇ ಹಿಂದಿನ ಗೋದಾಮಿನಲ್ಲಿ. ಕಿಟಕಿಗಳಿಗೆ ಕರಿ ಬಟ್ಟೆ ಹೊಡೆದು, ತೊಲೆಗೆ ಪ್ರೊಜೆಕ್ಟರ್ ಕಟ್ಟಿ, ವಿಡಿಯೋದ ತಟ್ಟೆಯನ್ನು ಪ್ಲಾಸ್ಟರಿನ ತಟ್ಟೆಯ ಮೇಲೆ ಸರಿಯಾಗಿ ಕೂರಿಸುವುದಕ್ಕೆ ಮೂರು ದಿನ ಹಿಡಿಯಿತು. ಬಿಳಿ ತಟ್ಟೆಗೆ ಅನ್ನ ಬೀಳುತ್ತದೆ, ಹಬೆ ಏಳುತ್ತದೆ, ತಟ್ಟೆ ತುಂಬುತ್ತದೆ, ಬೆಳಕು ಆರುತ್ತದೆ. ಮತ್ತೆ ಖಾಲಿ ತಟ್ಟೆ. ಯಾರೂ ಉಣ್ಣುವುದಿಲ್ಲ. ಅದನ್ನು ಕಲೆ ಎಂದು ಮಂದಿಗೆ ಹೇಳಿದೆನೇ ಹೊರತು, ನಾನು ಮಾಡಿದ್ದು ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವುದಕ್ಕೆ.

ಭಾನುವಾರ ಮಧ್ಯಾಹ್ನ ಹತ್ತು ಹದಿನೈದು ಜನ ಸುತ್ತ ನಿಂತು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಿದ್ದರು. ಆಗ ಅವ್ವ ಆಟೋದಲ್ಲಿ ಬಂದಿಳಿದಳು. ಬಾಗಿಲ ಹತ್ತಿರವೇ ನಿಂತು ತನ್ನ ಕೈಗಳು ಬಡಿಸುವುದನ್ನು ನೋಡಿದಳು. ತಟ್ಟೆಗೆ ಮಿರ್ಚಿ ಬಿದ್ದದ್ದೇ ತಡ, ಮುಂದೆ ಬಂದಳು.

"ಎಲ್ಲಾರೂ ಹೊರಗ ಬರ್ರಿ," ಎಂದಳು. "ಎಡಿ ಇಟ್ಟ ಮ್ಯಾಲೆ ಹಿಂಗ ನೋಡ್ಕೋತ ನಿಂದ್ರಬಾರ್ದು."

ಒಬ್ಬರೂ ಎದುರಾಡಲಿಲ್ಲ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕೆ? ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಅವರಿಗಿಷ್ಟದ್ದನ್ನೆಲ್ಲ ಬಡಿಸಿ ಎಡೆ ಇಟ್ಟ ಮೇಲೆ, ಕದ ಮುಂದೆ ಮಾಡಿ ಮನೆಮಂದಿ ಹೊರಗೆ ಬರುತ್ತೇವೆ. ಕಂಡವರ ಕಣ್ಣೆದುರು ಅವರು ಉಣ್ಣುವುದಿಲ್ಲ. ಮೊಬೈಲುಗಳು ಜೇಬಿಗಿಳಿದವು. ಎಲ್ಲರೂ ಹೊರಬಂದ ಮೇಲೆ ಅವ್ವ ಗೋದಾಮಿನ ಕದ ಎಳೆದಳು. ಮನೆಯಲ್ಲಿ ಅಂದು ಅವಳು ಬಡಿಸಿದ್ದು ಕ್ಯಾಮೆರಾಕ್ಕಲ್ಲ ಎಂದು ನನಗೆ ಆಗ ಹೊಳೆಯಿತು. ಎಡೆಯ ಮುಂದೆ ಮೂರು ಕಾಲಿನ ಸ್ಟ್ಯಾಂಡ್ ಹಾಕಿ ಕೂತಿದ್ದವಳು ನಾನು!

ಜನ ಬೇವಿನ ನೆರಳಿಗೆ ಹೋಗಿ ನಿಂತರು. ಕದದ ಹತ್ತಿರ ನಾವಿಬ್ಬರೇ ಉಳಿದೆವು. ಒಳಗೆ ಪ್ರೊಜೆಕ್ಟರಿನ ಫ್ಯಾನು ಗುಂಯ್ ಎನ್ನುತ್ತಿತ್ತು. ಏಳು ವರ್ಷ ನುಂಗಿಕೊಂಡಿದ್ದ ಮಾತು ಆಗ ತಾನಾಗಿ ಬಂತು.

"ಅವ್ವಾ, ಅಪ್ಪ ಅವತ್ತು ನನ್ನಿಂದ ಉಪವಾಸ ಹೋದ."

ಅವ್ವ ಕದವನ್ನೇ ನೋಡುತ್ತಿದ್ದಳು. "ಉಂಡಾರ," ಎಂದಳು. "ನೀ ಕದ ಹಾಕ್ಕೊಂಡಿದ್ದಿ. ನಾ ಡಬ್ಬಿ ಕಟ್ಕೊಂಡು ಬಸ್ಸಿನ ತನಕ ಓಡಿದ್ದೆ. ಆಮ್ಯಾಲೆ ಅವ್ರ ಚೀಲ ಮನಿಗೆ ತಂದು ಕೊಟ್ರಲ್ಲ, ಅದ್ರಾಗ ಡಬ್ಬಿ ಇತ್ತು. ಉಂಡು, ತೊಳದು ಇಟ್ಟಿದ್ರು."

ಗೋಡೆ ಹಿಡಿದುಕೊಂಡೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಸಿಟ್ಟಿತ್ತು ನಿನ್ನ ಮ್ಯಾಲ," ಎಂದಳು. ಮತ್ತೆ, "ಭಾಳ ಇತ್ತು" ಎಂದಳು.

ನಾನು ಅಲ್ಲೇ ಕುಸಿದು ಕೂತು, ಜನರಿದ್ದಾರೆಂಬ ಪರಿವೆಯಿಲ್ಲದೆ ಅತ್ತೆ. ಅವ್ವ ನನ್ನ ತಲೆಯ ಮೇಲೆ ಕೈಯಿಟ್ಟು ನಿಂತಳು. ನೆರಳಿನಿಂದ ಒಬ್ಬರು ಹತ್ತಿರ ಬಂದು, ಇನ್ನು ಒಳಗೆ ಹೋಗಬಹುದೇ ಎಂದು ಅವಳನ್ನು ಮೆಲ್ಲಗೆ ಕೇಳಿದರು.

"ಇನ್ನೊಂದೀಟು ತಡೀರಿ," ಎಂದಳು ಅವ್ವ. "ಅವ್ರು ನಿಧಾನಕ್ಕ ಉಣ್ತಾರ."